ಬಾಬಾನ ಗಡ್ಡ

ಯಡಿಯೂರು, ಸೋಮವಾರ

ನಿರ್ದೇಶಕಿ ಸರ್ವಮಂಗಳಾ ಮೇಡಂ ಅವರಿಗೆ,

ನಮ್ಮ ಸಂಗೀತ ನಾಟಕದಲ್ಲಿ ಹಾಡಿ ರಾಜಕುಮಾರನ ರೋಗ ವಾಸಿಮಾಡುವ, ಹಳೇ ಕಾಲದ ಆ ಬಾಬಾನ ಪಾತ್ರಕ್ಕೆ ಬೇರೆಯವರನ್ನು ನೋಡಿಕೊಳ್ಳಿ.

ನಿನ್ನೆ ಆಟ ಮುಗಿದ ಮೇಲೆ, ಇಟ್ಟಮಡುವಿನ ಲತಾಮಣಿ ಅನ್ನುವವರು ಮೂರ್ಛೆರೋಗದ ಮಗಳನ್ನು ಮೇಕಪ್ ಕೋಣೆಗೇ ಕರೆತಂದು ನನ್ನ ಕಾಲಿಗೆ ಬಿದ್ದರು. “ಬುದ್ಧಿ, ನೀವೊಂದ್ಸಲ ಹಾಡ್ಬಿಡಿ, ಮಾತ್ರೆ ನಿಲ್ಲಿಸ್ಬಿಡ್ತೀನಿ,” ಅಂದರು. ನೀವು ನಗುತ್ತಾ ಫೋಟೊ ಹೊಡೆದು ನಾಟಕದ ಪ್ರಚಾರಕ್ಕೆ ಹಾಕಿಕೊಂಡಿರಿ. ಥೂ! ನಾನೂ ಹಾಡಿದೆ ನೋಡಿ, ಅದು ಇನ್ನೂ ಹೇಸಿಗೆ.

ಆ ಫೋಟೊ ಅಳಿಸಿ. ಅವರ ವಿಳಾಸ ಬರೆದುಕೊಂಡಿರಲ್ಲ, ಅದನ್ನು ಈಗಲೇ ಕಳಿಸಿ. ನಿಲುವಂಗಿ, ಜಪಮಾಲೆ ವಾಪಸ್ ಕಳಿಸಿದ್ದೇನೆ. ಗಡ್ಡ ಮಾತ್ರ ಇಟ್ಟುಕೊಂಡಿದ್ದೇನೆ. ಮಾತ್ರೆ ನಿಲ್ಲಿಸಬೇಡಿ ಎಂದು ಬರಿಮುಖದಲ್ಲಿ ಹೇಳಿದರೆ ಆಕೆ ನಂಬುವುದಿಲ್ಲ.

ಗುರುಬಸಪ್ಪ