ಬೇಜಾರಿಗೆ ಶುದ್ಧ ಪದ

ಸುರಪುರ, ೮ ಜನವರಿ ೧೯೫೭

ಮತ್ತೆ ಅದೇ ಪಟ್ಟಿ. ಮೈಸೂರು ಕಡೆಯಿಂದ ಬಂದ ಇನ್ಸ್‌ಪೆಕ್ಟರ್ ಸಾಹೇಬರ ಹುಕುಂ — ಮಕ್ಕಳ ಬಾಯಲ್ಲಿರುವ ಉರ್ದು ಮಾತು ಬರೆದು, ಮೂಲ ಹುಡುಕಿ, ಎದುರಿಗೆ ಶುದ್ಧ ಕನ್ನಡ ಕೊಡಬೇಕು. ಹತ್ತೊಂಬತ್ತರೊಳಗೆ. ಇಲ್ಲದಿದ್ದರೆ ನೌಕರಿ ಖಾಯಂ ಇಲ್ಲ. ಉರ್ದುವಿನಲ್ಲೇ ಕಲಿತು ಉರ್ದುವಿನಲ್ಲೇ ಕಲಿಸಿದವನಿಗೆ ಈ ಕೆಲಸ! ಕೈ ಪಳಗಲಿ ಎಂದು ದಿನಚರಿಯನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಾಹೇಬ, ಹುಕುಂ, ನೌಕರಿ, ಖಾಯಂ — ಆಗಲೇ ನಾಲ್ಕು ನುಸುಳಿದವು. ಥೂ.

ಹೆಂಡತಿ ರೇಣಮ್ಮ ಇವತ್ತೂ ಉಣ್ಣಲಿಲ್ಲ. ನಮ್ಮ ಕೂಸು ತೀರಿಹೋಗಿ ತಿಂಗಳಾಯಿತು. "ಭಾಳ ಬೇಜಾರಾಗ್ಯಾದ್ರಿ. ಕಕ್ಕೇರಾದಾಗಿನ ನಮ್ಮವ್ವನ ಕಡಿ ಬಿಟ್ಟು ಬರ್ರಿ" ಎಂದಳು. ಪಟ್ಟಿ ಮುಗಿಯಲಿ ಎಂದೆ. 'ಬೇಜಾರ' ಬರೆದುಕೊಂಡೆ.

೧೧ ಜನವರಿ, ಸಂಜೆ

ನನಗೆ ಉರ್ದು ಕಲಿಸಿದ ದಸ್ತಗೀರಸಾಬರ ಮನೆಗೆ ಹೋಗಿದ್ದೆ. "ಬೇಜಾರ ಫಾರ್ಸಿ ಅದ. ಸುಸ್ತ್ ಭೀ ಫಾರ್ಸಿ, ಸಡಲಾದದ್ದು ಅಂತ. ಹೈರಾಣ ಅರಬ್ಬಿ — ದಾರಿ ತಿಳೀದ ನಿಂತಾಂವ. ಇವು ತಗದು ಏನ್ ಹಾಕ್ತಿ ಭಗವಂತರಾಯ?"

ಖಿನ್ನತೆ ಎಂದೆ.

"ಅದು ಸಂಸ್ಕೃತ ಅಲ್ಲೇನೋ? ಯಾರ ಮನ್ಯಾಗ ಹಂಗಂತಾರ?" ನಕ್ಕರು. ಮೈಯೆಲ್ಲ ಉರಿಯಿತು.

ಮನೆಗೆ ಬಂದರೆ ರೇಣಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. "ಹೈರಾಣಾಗೀನ್ರಿ." ಆಗಷ್ಟೇ ಕೇಳಿ ಬಂದಿದ್ದೆನಲ್ಲ — ಅದರ ಮೂಲ ಹೇಳಿದೆ! ಸೆರಗು ಮುಖದ ಮೇಲೆ ಎಳೆದುಕೊಂಡಳು.

೧೪ ಜನವರಿ

ಸಂಕ್ರಾಂತಿ. ಒಲೆ ಹೊತ್ತಲಿಲ್ಲ. ಪಕ್ಕದ ಮನೆಯ ಇಮಾಮಬೀ ರೊಟ್ಟಿ ತಂದುಕೊಟ್ಟು ಬೈದಳು: "ನಾಕ ದಿನ ಆತು, ಆಕಿ ಬಾವಿ ಕಡಿ ಬಂದಿಲ್ಲ. ನೀವ್ ನೋಡಿದ್ರ ಪೆನ್ಸಿಲ್ ಹಿಡ್ಕೊಂಡ್ ಕುಂತೀರಿ!" ನಾನು ದುಡಿಯುತ್ತಿರುವುದು ಯಾರಿಗಾಗಿ? ಒಬ್ಬರಿಗೂ ತಿಳಿಯುವುದಿಲ್ಲ.

೧೯ ಜನವರಿ

ಶಹಾಪುರಕ್ಕೆ ಹೋಗಿ ಪಟ್ಟಿ ಒಪ್ಪಿಸಿ ಬಂದೆ. ನಾಳೆ ಕಕ್ಕೇರಾಕ್ಕೆ ಕರೆದೊಯ್ಯೋಣ ಎಂದುಕೊಂಡೇ ಬಂದೆ. ಮನೆಗೆ ಚಿಲಕ ಹಾಕಿತ್ತು. ಅವಳ ಸೋದರಮಾವ ಅಂಬ್ರಪ್ಪ ಬಂಡಿ ತಂದು ಕರೆದೊಯ್ದನಂತೆ. ಇಮಾಮಬೀ ಹೇಳಿದಳು: "ಮಾಸ್ತರಗ ಏನ್ ಹೇಳ್ಲಿ ಅಂತ ಕೇಳ್ದೆ. ಏನೂ ಬ್ಯಾಡ, ಹೇಳಿದ್ರ ಬರಕೋತಾರ ಅಂದ್ಲು."

೨೫ ಜನವರಿ

ಇನ್ಸ್‌ಪೆಕ್ಟರ್ ಸಾಹೇಬರ ಕಾಗದ. "ನಿಮ್ಮ ಪಟ್ಟಿ ಅಪೂರ್ಣವಾಗಿದೆ. ನೋಡಿ ಬಹಳ ಬೇಜಾರಾಯಿತು."

ಬೇಜಾರಾಯಿತಂತೆ! ಕಾಗದ ಹರಿದು ಒಲೆಗೆ ಹಾಕಿದೆ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

೨೭, ಭಾನುವಾರ ನಸುಕು

ಕಕ್ಕೇರಾಕ್ಕೆ ಹೊರಟಿದ್ದೇನೆ. ಪೆನ್ಸಿಲ್ ಇಲ್ಲೇ ಬಿಟ್ಟು ಹೋಗುತ್ತೇನೆ. ಅವಳೆದುರು ನಿಂತು ಏನು ಹೇಳಲಿ? ಕೂಸನ್ನು ಮಣ್ಣಿಗಿಟ್ಟು ಬಂದವನು ನಾನು. ಮರುದಿನವೇ ಶಾಲೆಗೆ ಹೋದೆ. ಅವತ್ತಿನಿಂದ ಕೂಸಿನ ಬಗ್ಗೆ ಒಂದು ಮಾತೂ ಆಡಿಲ್ಲ... ನನಗೂ, ರೇಣೂ, ನನಗೂ ಭಾಳ —