ಚಕ್ಕಿನಲ್ಲಿ ನಿಂತ ಶಾಫ್ಟು

ಹದಿನಾಲ್ಕು, ಗುರುವಾರ.

ಲೋಹ ಕಡೆಯುವ ಲೇತ್ ಕೊಳ್ಳುವುದು ಇವತ್ತೂ ಆಗಲಿಲ್ಲ. ಅದಕ್ಕೆಂದು ಮನೆಯ ಹಿಂದಿನ ಕೋಣೆ ಖಾಲಿ ಮಾಡಿ ಎರಡು ತಿಂಗಳಾಯಿತು. ಹೆಂಡತಿ ಕೇಳುವುದನ್ನೂ ಬಿಟ್ಟಿದ್ದಾಳೆ.

ಹಿಂದಿನ ಬೀದಿಯ ಟರ್ನರ್ ಮನೆಯಲ್ಲಿ ಲೇತ್, ಮಿಲ್ಲಿಂಗ್ ಯಂತ್ರ ಎರಡೂ ಮಾರಾಟಕ್ಕಿವೆ. ಪಾರ್ಶ್ವವಾಯು ಬಡಿದ ಮೇಲೆ ಅವರು ಹಾಸಿಗೆ ಬಿಟ್ಟು ಎದ್ದಿಲ್ಲ. ಲೇತಿನ ಚಕ್ಕಿನ ಹಿಡಿತದಲ್ಲಿ ಕಬ್ಬಿಣದ ಶಾಫ್ಟೊಂದು, ಅವರು ಅರ್ಧ ಕಡೆದದ್ದು, ಹಾಗೇ ನಿಂತಿತ್ತು. ಅದನ್ನು ಬಿಚ್ಚದೆ ಲೇತ್ ಪರೀಕ್ಷಿಸಲಾಗದು. ಬಿಚ್ಚಿದರೆ ಶಾಫ್ಟು ಮತ್ತೆ ಅದೇ ಸೆಂಟರಿಗೆ ಕೂರುವುದಿಲ್ಲ, ಅವರ ಕೆಲಸ ಕೆಟ್ಟಂತೆಯೇ.

"ಬಿಚ್ಚಿ ಅಣ್ಣ, ಅದೇನು ಮೊಟ್ಟೆ ಇಡತ್ತಾ?" ಎಂದರು ಅವರ ಹೆಂಡತಿ.

ಒಳಗಿನಿಂದ ಟರ್ನರ್ ತೊದಲಿದರು. "ಬೇಡ ಕಣೇ. ಇನ್ನೆರಡು ಕಟ್ ಅಷ್ಟೇ. ನಾನೇ ಮುಗಿಸ್ತೀನಿ."

"ಚಮಚ ಹಿಡಿಯಕ್ಕಾಗಲ್ಲ, ಶಾಫ್ಟ್ ಮುಗಿಸ್ತಾರಂತೆ." ಆಕೆಯ ಮಾತಿನಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

ಚಕ್ಕಿನ ಕೀಲಿ ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟು, ಮಿಲ್ಲಿಂಗ್ ಯಂತ್ರವೊಂದೇ ಸಾಕು ಎಂದೆ. ನನಗೆ ಬೇಕಾಗಿದ್ದದ್ದು ಲೇತ್.

ಆಕೆ ಬಾಗಿಲವರೆಗೆ ಬಂದು ಮೆಲ್ಲಗೆ, "ನಾಳೆ ಮಧ್ಯಾಹ್ನ ಗುಜರಿಯವನು ಬರ್ತಾನೆ. ಅವನು ಯಾರನ್ನೂ ಕೇಳಲ್ಲ," ಎಂದರು.

ದಯೆಯಿಂದ ಕೀಲಿ ಇಟ್ಟೆನೆಂದು ಹೇಳಿಕೊಳ್ಳಲಾರೆ. ಬಿಚ್ಚುವ ಕೈ ನನ್ನದಾಗಬಾರದು ಎಂದಷ್ಟೇ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಬೆಳಿಗ್ಗೆಯೇ ಹೋಗಿ ಲೇತನ್ನು ಶಾಫ್ಟ್ ಸಮೇತ ಹಾಗೇ ಕೊಂಡು ತಂದರೂ, ಒಂದು ದಿನ ಅದನ್ನು ಬಿಚ್ಚಬೇಕಾದವನು…