ಬಾಯಿಲ್ಲದ ಎತ್ತು

ಲಿನ್‌ಚು, ಶಾನ್‌ದೋಂಗ್
ಏಪ್ರಿಲ್ ೯, ೨೦೧೯

ಪ್ರೀತಿಯ ಗುಯ್‌ಫೆನ್ ಅಕ್ಕನಿಗೆ,

ಆಪರೇಷನ್ನಿನ ಹೊಲಿಗೆ ಬಿಚ್ಚಿದರೇ? ಗಂಜಿ ಬಿಟ್ಟು ಬೇರೇನಾದರೂ ತಿನ್ನಲು ಬಿಡುತ್ತಿದ್ದಾರೆಯೇ? ಉರುಮ್‌ಚಿಯಲ್ಲಿ ಇನ್ನೂ ಚಳಿ ಇರಬೇಕು, ಹೊಟ್ಟೆ ಬೆಚ್ಚಗಿಟ್ಟುಕೋ. ಅಮ್ಮನ ಮಣ್ಣಿಗೆ ಬರಲಾಗಲಿಲ್ಲವೆಂದು ಫೋನಿನಲ್ಲಿ ನೀನು ಅಷ್ಟು ಅತ್ತೆ. ನನಗೆ ಅಂದೂ ಅಳು ಬರಲಿಲ್ಲ, ಇಂದಿಗೂ ಬಂದಿಲ್ಲ. ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ, ಕುಂಚ ತೊಳೆದಿಡುತ್ತೇನೆ. ಮರಗಟ್ಟಿದ ಹಾಗಿದ್ದೇನೆ, ಅಷ್ಟೆ.

ಫೋನಿನಲ್ಲಿ ಹೇಳದೆ ಬಿಟ್ಟದ್ದು ಒಂದಿದೆ. ಹೆಂಗಸು ತೀರಿಕೊಂಡರೆ ಮಗಳು ಕಾಗದದ ಎತ್ತು ತಂದು ಸುಡಬೇಕಲ್ಲ, ಆಕೆ ಬದುಕಿನುದ್ದಕ್ಕೂ ಕೊಳೆ ಮಾಡಿದ ನೀರನ್ನೆಲ್ಲ ಅದು ಆ ಲೋಕದಲ್ಲಿ ಕುಡಿದು ಮುಗಿಸಬೇಕಲ್ಲ, ಇಲ್ಲದಿದ್ದರೆ ಆಕೆಯೇ ಕುಡಿಯಬೇಕಲ್ಲ, ನೀನಿಲ್ಲದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯದೇಕೆ, ನಾನೇ ಬರೆಯುತ್ತೇನೆ ಎಂದು ದೊಡ್ಡಸ್ತಿಕೆ ತೋರಿಸಿದೆ. ಎರಡು ದಿನ ಕೂತು ಆಳೆತ್ತರದ ಕಾಗದದ ಮೇಲೆ ಮಸಿಯಲ್ಲಿ ಬರೆದೆ. ನನ್ನ ಕೈ ಎಂಥದ್ದೆಂದು ನೀನು ಬಲ್ಲೆ. ಕಾಗದದ ತುಂಬ ಬೂದು ಹೊಟ್ಟೆ, ನೆಲ ಮುಟ್ಟದ ನಾಲ್ಕು ಕಾಲು, ಕತ್ತಿನಲ್ಲೊಂದು ಕಣ್ಣು. ಮುಖವಿರಬೇಕಾದ ಕಡೆ ಬರೀ ಬಿಳಿ. ಕೊಂಬಿಲ್ಲದಿದ್ದರೆ ಎತ್ತೆಂದು ನೀನೂ ಹೇಳುತ್ತಿರಲಿಲ್ಲ. ಪಕ್ಕದ ಮನೆಯಾಕೆ ನೋಡಲಾರದೆ ಅದಕ್ಕೆ ದುಪ್ಪಟಿ ಹೊದಿಸಿ ಹೋದಳು.

ಸುಡುವ ಹೊತ್ತಿಗೆ ಚಿಕ್ಕಮ್ಮ ದುಪ್ಪಟಿ ಎಳೆದರು. “ಬಾಯೆಲ್ಲೋ ಇದಕ್ಕೆ? ನಿಮ್ಮಮ್ಮ ಮೂವತ್ತು ವರ್ಷ ಕಾರ್ಖಾನೆ ಸ್ನಾನದ ಮನೇಲಿ ಊರಿನೋರ ಟವಲ್ ಒಗೆದೋಳು. ಅಷ್ಟು ನೀರನ್ನ ಇದೇನು ಕಿವೀಲಿ ಕುಡಿಯುತ್ತಾ?” ಎಂದರು. ಯಾರೋ ನಕ್ಕರು. ಅದನ್ನು ಸುಡಲು ಅವರು ಬಿಡಲಿಲ್ಲ. ಅಂಗಡಿಗೆ ಓಡಿದರೆ ಅಲ್ಲಿ ಗಂಡಸರಿಗೆ ಸುಡುವ ಕುದುರೆಗಳಷ್ಟೇ ಉಳಿದಿದ್ದವು. ಅಮ್ಮ ಎತ್ತಿಲ್ಲದೆ ಹೋದಳು, ಅಕ್ಕ. ತಪ್ಪು ನನ್ನದು.

ನಲವತ್ತೊಂಬತ್ತನೆಯ ದಿನಕ್ಕೆ ಸುಟ್ಟರೂ ಅವಳಿಗೆ ಮುಟ್ಟುತ್ತದಂತೆ, ಅದೇ ಕೊನೆ. ಆದರೆ ಚಿತ್ರದ ಮೇಲೆ ನಾನು ಅಮ್ಮನ ಹೆಸರು ಬರೆದದ್ದನ್ನು ಚಿಕ್ಕಮ್ಮ ಆಮೇಲೆ ಕಂಡರು, ಒಬ್ಬಳ ಹೆಸರಿಗೆ ಎರಡನೆಯ ಎತ್ತು ನಡೆಯುವುದಿಲ್ಲ, ಇದಕ್ಕೇ ಬಾಯಿ ಬರೆದು ಸುಡು ಎನ್ನುತ್ತಾರೆ. ಈ ನಡುವೆ ನನ್ನ ಚಿತ್ರಗಳನ್ನು ಮಾರುವ ಜೀನಾನಿನ ಗ್ಯಾಲರಿಯ ಚೀ ಅವರು ಬಂದು ನೋಡಿ, ಇಪ್ಪತ್ತು ವರ್ಷದಲ್ಲಿ ನಾನು ಬರೆದ ನಿಜವಾದ ಚಿತ್ರ ಇದೊಂದೇ ಎಂದರು. “ಆ ಖಾಲಿ ಜಾಗ ಮಾತ್ರ ಮುಟ್ಟಬೇಡಿ ಮಾರಾಯ್ರೆ, ಜೀವ ಇರೋದೇ ಅಲ್ಲಿ” ಎಂದೂ ಹೇಳಿದರು. ಅವರ ಮಾತು ಸರಿಯೆಂದು ನನಗೂ ಗೊತ್ತು. ಇಂಥದ್ದು ಇನ್ನೊಂದು ನನ್ನ ಕೈಯಿಂದ ಬರಲಾರದು. ನಾಳೆ ಒಯ್ಯಲು ಬರುತ್ತಾರೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಭಾರ ಎತ್ತಬೇಡ, ಔಷಧಿ ತಪ್ಪಿಸಬೇಡ.

ನಿನ್ನ ತಮ್ಮ,
ಶೌಚೆನ್

ಲಕೋಟೆ ಅಂಟಿಸುವ ಮುನ್ನ: ಬಾಯಿ ಬರೆದುಬಿಟ್ಟೆ. ಅಗಲವಾದ ಪೆದ್ದು ಬಾಯಿ, ಅಂಗಡಿಯ ಎತ್ತುಗಳಿಗೆ ಇರುವಂಥದ್ದೇ. ಚಿತ್ರ ಕೆಟ್ಟುಹೋಯಿತು. ಬರಬೇಡಿ ಎಂದು ಚೀ ಅವರಿಗೆ ಫೋನು ಮಾಡಿದೆ. ನಲವತ್ತೊಂಬತ್ತನೆಯ ದಿನ ಮೇ ಎರಡಕ್ಕೆ ಬೀಳುತ್ತದೆ. ಡಾಕ್ಟರು ಬಿಟ್ಟರೆ ಹೇಗಾದರೂ ಬಾ ಅಕ್ಕ, ಒಬ್ಬನೇ ಬೆಂಕಿ ಹಚ್ಚಲು ನನಗೆ ಕೈ ಬರುವುದಿಲ್ಲ.